ಒಲೆಯ ಮೇಲಿನ ಬ್ರೇಕು

ಮಂಗಳವಾರ ಬಂತೆಂದರೆ ಕಡ್ಡಿರಾಂಪುರದ ಚಂದ್ರಕಲಾಳ ಕೈಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಮ್ಮೆಯಂತೂ ಕಾದ ಎಣ್ಣೆಗೆ ಸಾಸಿವೆ ಹಾಕುವ ಬದಲು ಚಹಾಪುಡಿ ಹಾಕಿ, ಅದು ಇನ್ನೂ ಯಾಕೆ ಸಿಡಿಯುತ್ತಿಲ್ಲ ಎಂದು ಕಾಯುತ್ತ ನಿಂತಿದ್ದಳು. ಐವತ್ತರ ಹತ್ತಿರ ಬಂದ ಹೆಂಗಸು. ಹಂಪಿಗೆ ಹೋಗುವ ರಸ್ತೆಯ ಬದಿಗೆ ಸ್ವಂತ ಹೋಟೆಲು ನಡೆಸುವವಳು. ದೇಶದೇಶದ ಪ್ರವಾಸಿಗರಿಗೆ ಮಿರ್ಚಿ ತಿನ್ನಿಸಿ ಕಣ್ಣಲ್ಲಿ ನೀರು ತರಿಸಿದವಳು. ಅಂಥವಳಿಗೆ ಹೀಗೆಲ್ಲ ಆಗಬಾರದು, ಆದರೆ ಆಗುತ್ತಿತ್ತು. ಯಾಕೆಂದರೆ ಮಂಗಳವಾರ ಸಂಡೂರಿನಿಂದ ಹನುಮೇಶ್ ಬರುತ್ತಿದ್ದ.

ಅವನು ಬರುತ್ತಿದ್ದುದು ಸೈಕಲ್ ನೋಡಲಿಕ್ಕೆ. ಹಾಗಂತ ಇಬ್ಬರೂ ಹೇಳುತ್ತಿದ್ದರು, ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಸೈಕಲ್ ಚಂದ್ರಕಲಾಳ ಅಪ್ಪ ಎರ್ರಿಯಪ್ಪನದು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ ಆತ ಮಗಳನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು, ಗಂಟೆ ಬಾರಿಸುತ್ತ, ಹೊಳೆಯ ದಂಡೆಯವರೆಗೂ ಹೋಗಿ ಬರುತ್ತಿದ್ದ. ಆತ ಹೋದ ಮೇಲೆ ಸೈಕಲ್ಲಿನ ಒಂದೊಂದು ಸಾಮಾನು ಒಬ್ಬೊಬ್ಬ ನೆಂಟನ ಪಾಲಾಗಿ, ಮಗಳಿಗೆ ಉಳಿದದ್ದು ಕಪ್ಪು ಫ್ರೇಮು, ಹ್ಯಾಂಡಲ್ಲು ಮತ್ತು ಎರಡು ಗಾಲಿ. ಈ ವರ್ಷ ಹೊಸಪೇಟೆಯ ಹಳೇ ಸೈಕಲ್ ಹುಚ್ಚಿನ ಕೆಲವರು ಹಂಪಿಯವರೆಗೆ ಸವಾರಿ ಹೊರಡಿಸುತ್ತಾರೆಂಬ ಸುದ್ದಿ ಬಂದಾಗ ಅವಳಿಗೂ ಹುಚ್ಚು ಹತ್ತಿತು. ಷರತ್ತು ಒಂದೇ. ಸೈಕಲ್ ಯಾವ ಕಾಲದ್ದೋ ಅದರ ಮೇಲಿನ ಸಾಮಾನೂ ಅದೇ ಕಾಲದ್ದಿರಬೇಕು.

ಹನುಮೇಶ್ ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಫಿಟರ್. ಟಿಪ್ಪರುಗಳ ಬ್ರೇಕು ಬಿಚ್ಚಿ ಕಟ್ಟುವುದೇ ಅವನ ಕೆಲಸ. ವಾರದ ರಜೆಯ ದಿನ ಹಂಪಿಗೆಂದು ಹೊರಟವನು ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿನ್ನಲು ಇವಳ ಹೋಟೆಲಿಗೆ ನುಗ್ಗಿದ್ದ. ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಫ್ರೇಮು ಕಂಡು, ಎಂಜಲು ಕೈಯನ್ನು ಗಾಳಿಯಲ್ಲೇ ಹಿಡಿದು ಎದ್ದು ಹೋಗಿ, ಎಡಗೈಯಿಂದ ಅದರ ಮೈ ಸವರಿದ್ದ. "ಯಾರದ್ರಿ ಇದು?" ಎಂದು ಕೇಳಿದಾಗ ಅವನ ದನಿಯಲ್ಲಿದ್ದ ಮರ್ಯಾದೆ ಚಂದ್ರಕಲಾಳಿಗೆ ಹಿಡಿಸಿತು. ಅವನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇವಳ ಗಂಡನೂ ಹಾಗೆಯೇ ಹೋದವನು. ಆ ಹಂಪಿ ಅವನಿಗೆ ಇವತ್ತಿನವರೆಗೂ ಕಂಡಿಲ್ಲ. ಪ್ರತಿ ವಾರ ಕಡ್ಡಿರಾಂಪುರಕ್ಕೇ ಅವನ ಯಾತ್ರೆ ಮುಗಿಯುತ್ತದೆ.

ಸೀಟು ಸಿಕ್ಕಿತು, ಪೆಡಲು ಸಿಕ್ಕಿತು, ಚೈನು ಕೂತಿತು. "ಇನ್ನೇನ್ರಿ, ಬ್ರೇಕೊಂದು ಸಿಕ್ರ ಮುಗೀತು" ಎಂದ ಹನುಮೇಶ್ ಒಂದು ದಿನ. ಮುಗೀತು ಎಂಬ ಮಾತು ಕೇಳಿ ಚಂದ್ರಕಲಾ ಅವನ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಸೈಕಲ್ ಮುಗಿದರೆ ಮಂಗಳವಾರವೂ ಮುಗಿಯಿತಲ್ಲ!

ಇನ್ನು ಆ ಬ್ರೇಕು ಎಲ್ಲಿದೆ ಎಂಬುದೋ, ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಒಲೆಯ ಮೇಲೇ ಇತ್ತು. ಅಪ್ಪ ಸೈಕಲ್ ತುಳಿಯುವುದು ಬಿಟ್ಟಾಗ ಅವ್ವ, ಒಳ್ಳೇ ಕಬ್ಬಿಣ ಹಾಳಾಗಬಾರದೆಂದು, ಹ್ಯಾಂಡಲ್ಲಿನ ಕೆಳಗೆ ಮೀಸೆಯಂತೆ ಬಾಗಿರುವ ಬ್ರೇಕಿನ ಕಂಬಿಯನ್ನು ಬಿಚ್ಚಿಸಿ ಅಡುಗೆಮನೆಯ ಗೋಡೆಗೆ ಹೊಡೆಸಿದ್ದಳು. ಅದರ ತುಂಬ ಸೌಟುಗಳು ತೂಗಿದವು. ಉದ್ದನೆಯ ಸರಳುಗಳಿಗೆ ಮಸಿಬಟ್ಟೆ ಬಿತ್ತು. ರಬ್ಬರು ಹಿಡಿಯುವ ಲಾಳದಂಥ ತುಂಡುಗಳಲ್ಲಿ ಇಕ್ಕಳ ಕೂತಿತು. ಚಂದ್ರಕಲಾ ಇಲ್ಲಿ ಹೋಟೆಲು ಹಾಕಿದಾಗ ಅದೂ ಜೊತೆಗೆ ಬಂತು. ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಕುಡಿದು ಕಾಡಿಗೆಯಂತೆ ಕಪ್ಪಾಗಿದ್ದ ಅದನ್ನು ನೋಡಿ ಬ್ರೇಕು ಎನ್ನುವವರು ಯಾರಿದ್ದಾರೆ? ಯಾರೂ ಇಲ್ಲ ಎಂದು ಅವಳು ನಂಬಿದ್ದಳು. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹನುಮೇಶ್ ಚಹಾ ಕುಡಿಯಲು ಒಳಗೆ ಬಂದಾಗಲೆಲ್ಲ ಒಲೆಗೂ ಅವನಿಗೂ ನಡುವೆ ಸೆರಗು ಹರಡಿ ನಿಲ್ಲುತ್ತಿದ್ದಳು.

ಚಹಾ ಎಂದೆನಲ್ಲ, ಅದನ್ನೂ ಹೇಳಿಬಿಡಬೇಕು. ಹೋಟೆಲಿನಲ್ಲಿ ಎಲ್ಲರಿಗೂ ಗಾಜಿನ ಗ್ಲಾಸು. ಹನುಮೇಶನಿಗೆ ಮಾತ್ರ ಗುಲಾಬಿ ಚಿತ್ರದ, ಕಿವಿಯಿರುವ ಪಿಂಗಾಣಿ ಕಪ್ಪು. ಹಂಪಿ ಬಜಾರಿನಲ್ಲಿ ಅವಳೇ ಆರಿಸಿ ತಂದದ್ದು. ಬೇರೆ ಯಾರ ಕೈಗೂ ಸಿಗದ ಹಾಗೆ ಅವಲಕ್ಕಿ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳು.

"ಈ ಕಪ್ಪನ್ನ ಯಾಕ್ರಿ ಅಲ್ಲಿ ಮುಚ್ಚಿಡತೀರಿ?" ಎಂದು ಅವನೊಮ್ಮೆ ಕೇಳಿದ್ದ.

"ಅದಕ್ಕಂತ ಒಂದು ಜಾಗ ಇಲ್ರಿ" ಎಂದು ಇವಳು ಕಿವಿಯವರೆಗೂ ಕೆಂಪಾಗಿದ್ದಳು.

ಪಾತ್ರೆ ತಿಕ್ಕುವ ಹೊಳೆಮ್ಮನ ಕಣ್ಣಿಗೆ ಇದ್ಯಾವುದೂ ತಪ್ಪಿರಲಿಲ್ಲ. "ಊರೆಲ್ಲ ನಿನಗ ಚಂದ್ರಕ್ಕ ಅಂತೈತಿ. ಆತ ಒಬ್ಬಾತ ಅಕ್ಕ ಅಂದದ್ದು ನಾ ಕೇಳಿಲ್ಲ ನೋಡವ್ವ. 'ಏನ್ರೀ' ಅಂತಾನ. ಹೇಂತಿ ಗಂಡನ್ನ ಕರದಂಗ!"

"ಸುಮ್ಮನ ತಿಕ್ಕು, ತಳ ಹತ್ತೈತಿ" ಎಂದು ಗದರಿಸಿ ಚಂದ್ರಕಲಾ ಒಳಗೆ ಹೋಗಿ ಒಬ್ಬಳೇ ನಕ್ಕಳು.

ಬ್ರೇಕಿನ ಬೇಟೆ ಶುರುವಾಯಿತು. ಹನುಮೇಶ್ ಮೊದಲು ಹೊಸಪೇಟೆಯಿಂದ ಈಗಿನ ವೈರ್ ಬ್ರೇಕು ತಂದು ಹಾಕಿದ. ನೋಡಿದರೆ ಕಚ್ಚೆಪಂಚೆ ಉಟ್ಟ ಯಜಮಾನರಿಗೆ ಕೂಲಿಂಗ್ ಗ್ಲಾಸ್ ಹಾಕಿದಂತಿತ್ತು. "ಕಾಲಕ್ಕ ಒಪ್ಪಂಗಿಲ್ರಿ" ಎಂದು ಚಂದ್ರಕಲಾ ತಲೆಯಾಡಿಸಿದಳು, ಅವನೂ ಖುಷಿಯಿಂದ ಒಪ್ಪಿದ. ಮುಂದಿನ ವಾರ ಯಾರೋ ಪರದೇಶದವನು ಹಂಪಿಯಲ್ಲಿ ಬಿಟ್ಟುಹೋದ ಸೈಕಲ್ಲಿನ ಹಿಂದಿನ ಗಾಲಿ ಬಂತು. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಹಿಡಿಯುವ ಜಾತಿ ಅದು. ಚಂದ್ರಕಲಾ ಹತ್ತಿ ಕೂತು, ಚಿಕ್ಕಂದಿನ ಚಟದಂತೆ ಪೆಡಲನ್ನು ಹಿಂದಕ್ಕೆ ಕಿರ್ ಎನ್ನಿಸಿದ್ದೇ ತಡ, ಸೈಕಲ್ ಕಂಬದಂತೆ ನಿಂತು, ಅವಳ ಮೂಗು ಶೇಂಗಾ ಚಟ್ನಿಯ ಬಕೆಟ್ಟಿಗೆ ಗೇಣಿನ ದೂರದಲ್ಲಿ ಉಳಿಯಿತು. ಅದೂ ಬೇಡವಾಯಿತು. ಆಮೇಲೆ ಕಂಪ್ಲಿಯ ಗುಜರಿಯಿಂದ ಕಂಬಿ ಬ್ರೇಕೇ ಬಂತು. ಪುಣ್ಯಕ್ಕೆ ಅದು ಹೆಂಗಸರ ಸೈಕಲ್ಲಿನದು, ಸರಳು ಗಿಡ್ಡವಾಗಿ ಹಿಂದಿನ ಗಾಲಿ ಮುಟ್ಟಲಿಲ್ಲ.

ಫ್ರೇಮಿನ ಮೈಮೇಲೆ ಅಲ್ಲಲ್ಲಿ ಸಣ್ಣ ಕಿವಿಗಳಿದ್ದವು. ಬ್ರೇಕಿನ ಸರಳು ತೂರಿಹೋಗಲೆಂದೇ ಇಟ್ಟವು. "ಇವು ಯಾಕಿರಬೌದ್ರಿ?" ಎಂದು ಇವಳು ಅಮಾಯಕಳಂತೆ ಕೇಳಿದರೆ ಅವನು ಗಡ್ಡ ಕೆರೆದು, "ಹೂವಿನ ಹಾರ ಕಟ್ಟಾಕ ಇರಬೇಕು, ಆಯುಧ ಪೂಜಿಗೆ" ಎಂದುಬಿಟ್ಟ. ಇಂಥ ಫಿಟರನನ್ನು ನಂಬಿ ಗಣಿಯವರು ಟಿಪ್ಪರ್ ಓಡಿಸುತ್ತಾರಲ್ಲ ಎಂದು ಅವಳಿಗೆ ಗಾಬರಿಯಾಯಿತು. ಗಾಬರಿಗಿಂತ ಹೆಚ್ಚಾಗಿ ಮುದ್ದು ಬಂತು.

ಸವಾರಿಯ ಆದಿತ್ಯವಾರ ಹತ್ತಿರ ಬಂದು ಕಡೆಯ ಮಂಗಳವಾರವೂ ಬಂತು. ಹೊಳೆಮ್ಮ ಬೆಳಿಗ್ಗೆಯೇ ಸೌಟು ತೂಗುಹಾಕುತ್ತ, ಯಾರಿಗೂ ಅಲ್ಲವೆಂಬಂತೆ, "ಅಂಗೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲ ತಿರುಗಿದ್ರಂತ" ಎಂದಳು. ಚಂದ್ರಕಲಾ ಕೇಳಿಸದವಳಂತೆ ಹಿಟ್ಟು ಕಲಸಿದಳು. ಬ್ರೇಕು ಕೊಟ್ಟರೆ ಅವನು ಬರುವುದಿಲ್ಲ. ಕೊಡದಿದ್ದರೆ ಅಪ್ಪನ ಸೈಕಲ್ ಹೊಸಪೇಟೆಯಿಂದಲೇ ವಾಪಸ್ಸಾಗುತ್ತದೆ. ಅಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು, "ಈ ಸಲ ಮಾಫ್ ಮಾಡಪ್ಪ" ಎಂದಳು. ಅವಳ ಆಯ್ಕೆ ಅಷ್ಟು ಸ್ಪಷ್ಟವಾಗಿತ್ತು, ಅದಕ್ಕೆ ಅವಳಿಗೇ ನಾಚಿಕೆಯಾಯಿತು.

ಹನುಮೇಶ್ ಬಂದವನು ಸದ್ಯಕ್ಕಿರಲೆಂದು ಆ ವೈರ್ ಬ್ರೇಕನ್ನೇ ಮತ್ತೆ ಕಟ್ಟಿದ. "ಹೋಟ್ಲ ಮುಂದ ಇಷ್ಟ ತುಳೀರಿ. ಆ ಕಡೆ ಇಳಿಜಾರಿಗೆ ಹೋಗಬ್ಯಾಡ್ರಿ, ಇದು ಹಿಡಿಯೂದು ಡೌಟು."

ಚಂದ್ರಕಲಾ ಸೀರೆಯ ನೆರಿಗೆ ಎತ್ತಿ ಕಟ್ಟಿ ಹತ್ತಿದಳು. ಹತ್ತಿದ್ದೇ ಅವಳಿಗೆ ವಯಸ್ಸು ಮರೆತುಹೋಯಿತು. ಗಾಳಿ ಕಿವಿಯಲ್ಲಿ ತುಂಬಿಕೊಂಡಿತು, ಬಾಳೆತೋಟ ಹಿಂದಕ್ಕೆ ಓಡಿತು. ಹೋಟೆಲಿನ ಮುಂದೆ ಇಷ್ಟೇ ಎಂಬ ಮಾತು ಹೋಟೆಲಿನ ಮುಂದೆಯೇ ಉಳಿಯಿತು. ಇಳಿಜಾರು ಶುರುವಾದಾಗ ಬ್ರೇಕು ಒತ್ತಿದಳು. ಒತ್ತಿದ್ದಷ್ಟೇ ಬಂತು. ಹಳೇ ರಿಮ್ಮಿನ ಪಕ್ಕೆ ದುಂಡಗೆ, ಕಂಬಿ ಬ್ರೇಕಿನ ರಬ್ಬರು ಒಳಗಿನಿಂದ ಒತ್ತಲೆಂದು ಮಾಡಿದ್ದು. ಪಕ್ಕದಿಂದ ಹಿಡಿಯುವ ಈ ಹೊಸ ಬ್ರೇಕು ಜಾರಿ ಜಾರಿ ಕುಂಯ್‌ಗುಟ್ಟಿತೇ ಹೊರತು ಹಿಡಿಯಲಿಲ್ಲ.

"ಸರೀರಿ! ಸರೀರೋ!" ಎಂದು ಅವಳು ಕೂಗುತ್ತ ಹೋದಳು. ಎದುರು ಬಂದ ಪ್ರವಾಸಿಗರ ಗುಂಪು ಇದೂ ಒಂದು ನೋಡತಕ್ಕ ಸ್ಥಳವೆಂದು ತಿಳಿದು ಫೋನು ಎತ್ತಿತು. ಒಂದು ಮೇಕೆ ದಾರಿ ಬಿಟ್ಟಿತು, ಇನ್ನೊಂದು ಜೊತೆಗೇ ಓಡಿತು. ಹಿಂದಿನಿಂದ ಹನುಮೇಶನ ದನಿ ಬಂತು.

"ಚಂದ್ರಾ! ಏ ಚಂದ್ರಾ! ಕಾಲು ಕೊಡು, ಕಾಲು!"

ಏನ್ರೀ ಹೋಗಿ ಚಂದ್ರಾ ಆಗಿದ್ದನ್ನು ಅಷ್ಟು ವೇಗದಲ್ಲೂ ಅವಳು ಗಮನಿಸಿದಳು. ಗಮನಿಸಿ ನಕ್ಕದ್ದರಿಂದ ಹ್ಯಾಂಡಲ್ಲು ತಪ್ಪಿ, ಸೈಕಲ್ ರಸ್ತೆ ಬಿಟ್ಟು, ಯಾರದೋ ಭತ್ತದ ಹುಲ್ಲಿನ ಬಣವೆಗೆ ಸೊಂಟದವರೆಗೂ ನುಗ್ಗಿ ನಿಂತಿತು.

ಹನುಮೇಶ್ ಒಂದೇ ಚಪ್ಪಲಿಯಲ್ಲಿ ಓಡಿಬಂದಾಗ ಅವಳು ತಲೆತುಂಬ ಹುಲ್ಲು ಸಿಕ್ಕಿಸಿಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದಳು. ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು. "ಏನಾರ ಆಗಿದ್ರ?" ಎಂದ. ಮತ್ತೆ ಅದನ್ನೇ ಎಂದ. "ಏನಾರ ಆಗಿದ್ರ ನಾ ಏನು ಮಾಡ್ಲಿ? ಎಲ್ಲಾ ನನ್ನ ತಪ್ಪು..."

ಅವನ ಒಂದು ಬರಿಗಾಲು ಕಂಡು ಅವಳ ನಗು ನಿಂತಿತು. ಇಷ್ಟು ಒಳ್ಳೆಯವನನ್ನು ಇಷ್ಟು ವಾರ ಅಲೆದಾಡಿಸಿದೆನಲ್ಲ ಎಂದು ಕರುಳು ಚುರುಕ್ಕೆಂದಿತು. "ನಿಮ್ಮದಲ್ಲ, ನಂದು. ಬರ್ರಿ, ತೋರಿಸ್ತೀನಿ" ಎಂದಳು.

ಸೈಕಲ್ ತಳ್ಳಿಕೊಂಡು ಇಬ್ಬರೂ ಏರು ಹತ್ತಿದರು. ಅಡುಗೆಮನೆಗೆ ಹೋಗಿ ಚಂದ್ರಕಲಾ ಒಲೆಯ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತಳು. ಇಷ್ಟು ದಿನ ಮರೆಮಾಡಿದ್ದನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಮೊಳೆ ಕಿತ್ತು, ಸೌಟು, ಮಿರ್ಚಿ ಎತ್ತುವ ಜಾರಿ, ಇಕ್ಕಳ ಎಲ್ಲ ಢಣಢಣ ಉದುರಿದವು. ಹೊರಗೆ ಹೊಳೆಮ್ಮ "ಅಂತೂ ಬಿತ್ತು ತಾಯಿ!" ಎಂದದ್ದು ಸೌಟಿಗೋ ಇನ್ಯಾವುದಕ್ಕೋ ತಿಳಿಯಲಿಲ್ಲ.

"ಇದು ಅಪ್ಪನ ಬ್ರೇಕು. ನನಗ ಮೊದ್ಲಿಂದ ಗೊತ್ತಿತ್ತು. ಕೊಟ್ರ ನೀವು ಬರಾದು ಬಿಡತೀರಿ ಅಂತ ಕೊಡಲಿಲ್ಲ." ತಲೆ ತಗ್ಗಿಸಿ ಹೇಳಿ ಮುಗಿಸಿದಳು.

ಹನುಮೇಶನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಅವನು ತನ್ನ ಸಾಮಾನಿನ ಚೀಲಕ್ಕೆ ಕೈಹಾಕಿ, ತಳದಿಂದ ಹಳೇ ಟವೆಲಿನಲ್ಲಿ ಸುತ್ತಿದ್ದ ಏನನ್ನೋ ಎಳೆದು ಬಿಚ್ಚಿದ. ಹೊಳೆಯುವ ಸ್ಟೀಲಿನ ಪಟ್ಟಿ, ಅದಕ್ಕೆ ಸಾಲಾಗಿ ಕೊಕ್ಕೆಗಳು. ಸೌಟು ತೂಗುಹಾಕುವ ಪಟ್ಟಿ! ಟವೆಲಿನ ಮೈಯೆಲ್ಲ ಗ್ರೀಸು. ಎಷ್ಟೋ ವಾರದಿಂದ ಆ ಚೀಲದಲ್ಲೇ ಅಲೆದಾಡಿದ ಗುರುತು.

"ಯಾವಾಗ ಮಾಡಿದ್ರಿ ಇದನ್ನ?"

"ಮಿರ್ಚಿ ತಿಂದು ಹೋದ ಮುಂದಿನ ವಾರ. ಆವತ್ತ ನೋಡಿದ್ನಿ, ಕಂಬಿ ಮ್ಯಾಲೆ ಸೌಟು ಕುಣೀತಿದ್ವು. ಬ್ರೇಕ್ ತಗೊಂಡ್ರ ನಿಮ್ಮ ಸೌಟಿಗೆ ಜಾಗ ಬೇಕಲ್ಲ ಅಂತ ವರ್ಕ್‌ಶಾಪಿನ್ಯಾಗ ಮಾಡೀನಿ. ಮಾಡಿದ ಮ್ಯಾಲೆ ಕೊಡಾಕ ಕೈ ಬರಲಿಲ್ರಿ. ಇದು ಕೊಟ್ರ ಬ್ರೇಕು ಸಿಗತೈತಿ. ಬ್ರೇಕು ಸಿಕ್ರ ಸೈಕಲ್ ಮುಗೀತೈತಿ. ಸೈಕಲ್ ಮುಗದ್ರ ನಾ ಯಾವ ಮುಖ ಇಟಗೊಂಡು ಬರ್ಲಿ?"

"ಹಂಗಾರ ಆ ಹೂವಿನ ಹಾರದ ಕಿವಿ?"

"ಏನಾರ ಹೇಳಬೇಕಲ್ರಿ!"

ಇಬ್ಬರೂ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಮಿರ್ಚಿಗೆ ಬಂದ ಗಿರಾಕಿ ಒಳಗೆ ಇಣುಕಿ ನೋಡಿ, ಹೊಳೆಮ್ಮ ಕಣ್ಣು ಬಿಟ್ಟದ್ದು ಕಂಡು ಹಿಂದೆ ಸರಿದ.

ನಗುತ್ತಲೇ ಬ್ರೇಕು ಕಟ್ಟಿದರು. ಸೀಮೆಎಣ್ಣೆಯಲ್ಲಿ ಒರೆಸುತ್ತಿದ್ದಂತೆ ಕಪ್ಪು ಹೋಗಿ ಒಳಗಿನ ನಿಕ್ಕಲ್ಲು ಮಿಂಚಿತು. ಹೊಗೆ, ಎಣ್ಣೆ ಕುಡಿದಿದ್ದ ಕಬ್ಬಿಣಕ್ಕೆ ತುಕ್ಕು ತಾಗಿರಲೇ ಇಲ್ಲ. ಸರಳು ಆ ಕಿವಿಗಳಲ್ಲಿ ತೂರಿ ತವರಿಗೆ ಬಂದವರ ಹಾಗೆ ತನ್ನ ಜಾಗಕ್ಕೆ ಹೋಗಿ ಕೂತಿತು. ಹೊಸ ರಬ್ಬರು ಕೊಟ್ಟು, ತಿರುಪು ಬಿಗಿದು, "ಈಗ ಬರ್ರಿ ನೋಡಾಣು" ಎಂದು ಹನುಮೇಶ್ ರಸ್ತೆಯ ನಡುವೆ ನಿಂತ. ಚಂದ್ರಕಲಾ ಜೋರಾಗಿ ತುಳಿದು ಬಂದು ಒತ್ತಿದಳು. ಸೈಕಲ್ ಅವನ ಹೆಬ್ಬೆರಳಿನ ಮುಂದೆ ಗಪ್ಪನೆ ನಿಂತಿತು. ಅವನು ಅಲುಗಲಿಲ್ಲ.

ಒಳಗೆ ಸೌಟುಗಳು ಇನ್ನೂ ನೆಲದಲ್ಲೇ ಬಿದ್ದಿದ್ದವು. ಹನುಮೇಶ್ ಹಳೇ ಮೊಳೆಯ ತೂತಿಗೆ ಹೊಸ ಪಟ್ಟಿ ಬಡಿದ. ಚಂದ್ರಕಲಾ ಒಂದೊಂದೇ ತೊಳೆದು ಕೊಟ್ಟಳು, ಅವನು ಒಂದೊಂದೇ ತೂಗುಹಾಕಿದ. ಎಲ್ಲ ಮುಗಿದರೂ ತುದಿಯ ಕೊಕ್ಕೆ ಖಾಲಿ ಉಳಿಯಿತು. ಉಳಿದವುಗಳಿಗಿಂತ ಅದು ಚಿಕ್ಕದು, ದುಂಡಗೆ ಬಗ್ಗಿಸಿದ್ದು, ಸೌಟಿಗೆ ಮಾಡಿದ್ದಲ್ಲ.

"ಇದೊಂದು ಹೆಚ್ಚಾತಲ್ರಿ. ಯಾಕ ಇದು?"

ಹನುಮೇಶ್ ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಆಮೇಲೆ ಅವಲಕ್ಕಿ ಡಬ್ಬಿಯ ಕಡೆ ನೋಡಿದ. "ಇದನ್ನ ಆಮ್ಯಾಲೆ ಕೂಡಿಸೀನಿ. ಆ ಕಪ್ಪಿಗೆ ಒಂದು ಜಾಗ ಇಲ್ಲ ಅಂದಿದ್ರಿ."

ಚಂದ್ರಕಲಾ ಡಬ್ಬಿಯ ಹಿಂದಿನಿಂದ ಗುಲಾಬಿ ಕಪ್ಪು ತೆಗೆದಳು. ಒಲೆಯ ಮೇಲೆ ಕುದಿಯುತ್ತಿದ್ದ ಚಹಾವನ್ನು ಅದರ ತುಂಬ ಸೋಸಿ, ಸೆರಗಿನಿಂದ ತಳ ಒರೆಸಿ ಅವನ ಕೈಗೆ ಕೊಟ್ಟಳು.

"ಕುಡದ ಮ್ಯಾಲೆ ನೀವ ತೊಳದು ತೂಗಹಾಕಬೇಕು ಮತ್ತ" ಎಂದಳು. "ದಿನಾ."