ನೇಗಿಲ ಹಿಂದಿನ ನಾಯಿ

ತೊಳೆದು ಒಣಗಿಸಿದ ಹಳೇ ಕಾಗದಕ್ಕೆ ಸ್ಲೇಟಿನ ವಾಸನೆ, ಅಂದುಕೊಂಡಳು ಚಿತ್ರಗಳಿಗೆ ಚೌಕಟ್ಟು ಕಟ್ಟುವವಳು — ಗಾಜು ಒರೆಸಿಟ್ಟಾಗಿದೆ, ಮರದ ಮೂಲೆಗಳಿಗೆ ಮೊಳೆ ಹೊಡೆದಾಗಿದೆ, ಚಿತ್ರವೊಂದೇ ಮೇಜಿನ ಮೇಲೆ ಅಂಗಾತ ಬಿದ್ದಿದೆ, ಯಾವ ಕಾಲದಲ್ಲೋ ಯಾರೋ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಹೊಲ, ಎರಡು ಎತ್ತು, ನೇಗಿಲು ಹಿಡಿದ ಬಾಗಿದ ಬೆನ್ನು, ಹುಲ್ಲಿನ ಕಟ್ಟು ಹೊತ್ತ ಹೆಂಗಸು, ಆಕೆಯ ಮುಖದ ಕಂದು ಕಲೆ ಕೂಡ ಹೋಗಿದೆ, ಎಷ್ಟು ಚೊಕ್ಕ, ಎಷ್ಟು ಚೊಕ್ಕವಾಗಿ ತಾನೇ ಹಾಳು ಮಾಡಿದ್ದಾಳೆ. ನೇಗಿಲ ಹಿಂದೆ ಖಾಲಿ. ನಿನ್ನೆ ಅಲ್ಲಿ ನಾಯಿಯಿತ್ತು. ಅಚ್ಚಿನ ಮಸಿ ಎಣ್ಣೆಯದು ಕಣೇ, ನೀರಿಗೆ ಜಗ್ಗಲ್ಲ, ನೀರಿಗೆ ಬಂತು ಅಂದ್ರೆ ಅದು ಕೊಳೆ, ಅಪ್ಪ ಕಲಿಸಿದ ಕಸುಬು ಅಷ್ಟೇ, ಅದಕ್ಕೇ ನಿನ್ನೆ ಚಿತ್ರ ತೊಳೆಯುವ ತಟ್ಟೆಯ ನೀರಿನಲ್ಲಿ ನಾಯಿಯ ಬಾಲದಿಂದ ನೀಲಿ ಎಳೆಯೊಂದು ಮೇಲೆದ್ದಾಗ ಅವಳು ಕಾಗದ ಎತ್ತಲಿಲ್ಲ, ಯಾರದೋ ಗೀಚಾಟ, ಹೋಗಲಿ ಪೀಡೆ, ತಟ್ಟೆಯನ್ನು ಇನ್ನಷ್ಟು ಅಲ್ಲಾಡಿಸಿದಳು, ಶಿಳ್ಳೆ ಹಾಕುತ್ತ, ಶಿಳ್ಳೆ ಬೇರೆ ಕೇಡು. ಬೆಳಿಗ್ಗೆ ಫೋನಿನಲ್ಲಿ ಚಿತ್ರದ ಒಡತಿ, ಯಾವತ್ತೋ ನಿವೃತ್ತರಾದ ಟೀಚರ್, ಹನ್ನೊಂದಕ್ಕೆ ಬರ್ತೀನಮ್ಮ, ಹೇಳೋದೇ ಮರೆತಿದ್ದೆ, ನಾಯಿ ಜೋಪಾನ, ಅದು ನನ್ನ ತಮ್ಮ ಅಪ್ಪನ ಪೆನ್ನು ಕದ್ದು ಬಿಡಿಸಿದ್ದು, ಆರು ವರ್ಷ ಅವನಿಗೆ, ಐದು ಕಾಲು ಹಾಕಿದಾನೆ, ಎಣಿಸಿದ್ಯಾ, ಬಾಲ ಬೇರೆ, ಅಂತ ನಕ್ಕರು, ಏಳು ತುಂಬೋಕೆ ಅವನಿರಲಿಲ್ಲ, ಅವನದು ಅಂತ ಉಳಿದಿರೋದು ಅದೊಂದೇ. ಅವಳು ಎಣಿಸಿರಲಿಲ್ಲ. ಈಗ ರದ್ದಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಅವಳೇ ಬಿಡಿಸಿದ ನಾಯಿಗಳು ಒಂಬತ್ತು, ಎಲ್ಲಕ್ಕೂ ಐದು ಕಾಲು, ಎಲ್ಲವೂ ಬಿಟ್ಟರೆ ಓಡುತ್ತವೆ, ಅದೇ ತಾಪತ್ರಯ, ಕೈ ಪಳಗಿಬಿಟ್ಟಿದೆ, ಆರು ವರ್ಷದ ಕೈ ಎಲ್ಲಿಂದ ತರೋದು, ಎಡಗೈಯಲ್ಲಿ ಬಿಡಿಸಿದರೆ — ಹತ್ತನೆಯದು, ಹಾಂ, ಇದು ಥೇಟ್, ಎಂಬತ್ತರ ಕಣ್ಣಿಗೆ ಏನು ಗೊತ್ತಾದೀತು, ಒಂದು ನಿಮಿಷದ ಕೆಲಸ, ಅವರಿಗೂ ನೆಮ್ಮದಿ. ಪೆನ್ನು ಹೊಲದ ಮೇಲೆ ಬಂದು ನಿಂತಿದೆ. ಮೆಟ್ಟಿಲಲ್ಲಿ ಊರುಗೋಲಿನ ಸದ್ದು, ಆಯ್ತೇನಮ್ಮ, ನನ್ನ ಐದು ಕಾಲಿನವನು ಹುಷಾರಾಗಿದಾನಾ, ಬಾಗಿಲಲ್ಲೇ ಕೇಳುತ್ತಿದ್ದಾರೆ, ಏದುಸಿರಿನಲ್ಲೂ ನಗು, ಪೆನ್ನಿಗೆ ಮುಚ್ಚಳ ಬಿತ್ತು, ಯಾಕೆ ಹಾಕಿದಳೋ ಅವಳಿಗೇ ಗೊತ್ತಿಲ್ಲ, ಕೂತ್ಕೊಳ್ಳಿ ಟೀಚರ್, ನಾಯಿ ಹೋಯ್ತು, ಕೊಳೆ ಅಂದ್ಕೊಂಡು ನಾನೇ ತೊಳೆದುಬಿಟ್ಟೆ. ಟೀಚರ್ ಕುರ್ಚಿ ತಡಕಾಡಿ ಕೂತರು, ಬೈಯಬಾರದೇ, ಬೈದಿದ್ದರೆ ಚೆನ್ನಾಗಿತ್ತು, ಖಾಲಿ ಜಾಗವನ್ನು ಬೆರಳಿನಿಂದ ಸವರಿದರು, ಆಮೇಲೆ ಮೆತ್ತಗೆ, ಅದು ಹೋಗುವಾಗ ನೀನು ನೋಡಿದ್ಯಾ, ಹೇಗಿತ್ತಮ್ಮ — ಹೇಗಿತ್ತು ಅಂದರೆ, ಬಾಲದಿಂದ ಶುರುವಾಯ್ತು ಟೀಚರ್, ನೀಲಿ ಎಳೆ, ಒಂದೇ ಎಳೆ, ನೀರಿನಲ್ಲಿ ಮೇಲೇಳುತ್ತ, ಆಚೆ ಈಚೆ, ಆಚೆ ಈಚೆ, ಮನೆಯವರು ಬಂದರೆ ಬಾಲ ಆಡಿಸುವ ಹಾಗೆ, ನೀಲಿ ಎಳೆ