ನಿಂತ ಮೊರ

ಬೆಳಕಿಂಡಿಯ ಬಿಸಿಲು ಅಡಿಗೆಮನೆಯ ಗೋಡೆಗೆ ಬಿದ್ದಿದೆ, ಮೊಳೆಗೆ ತೂಗುಹಾಕಿದ ಮೊರದ ಮೇಲೆ, ನನ್ನ ಹೆಂಡತಿ ನಿರ್ಮಲಳ ಶಿವಗಣಾರಾಧನೆಗೆ ಬಂದ ಹೆಂಗಸರು ಯಾರೋ ಒರೆಸಿ ಅಲ್ಲಿಟ್ಟು ಹೋಗಿದ್ದಾರೆ, ಅದು ಅವಳ ಕೈಯಲ್ಲಿರಬೇಕಾದ ಹೊತ್ತು, ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಹೊಸ್ತಿಲ ಮೇಲೆ ಕೂತು, ಏಳನೇ ತರಗತಿಯ ಮಕ್ಕಳ ಮನೆಯವರಿಗೆಲ್ಲ ಈ ವಾರದ ಪಾಠ, ಹೋಂವರ್ಕು ಇಂಥದ್ದು ಎಂದು ಮೊಬೈಲಿನ ಗುಂಪಿನಲ್ಲಿ ಹೇಳಿ ಕಳಿಸುವ ಹೊತ್ತು — ಓದು ಬಾರದ ತಾಯಂದಿರಿದ್ದಾರೆ, ಅದಕ್ಕೇ ಬರೆಯುವುದಿಲ್ಲ, ಬಾಯಲ್ಲೇ ಹೇಳುತ್ತೇನೆ, ಫೋನಿಗಿಂತ ಮೊದಲು ನಿರ್ಮಲಳಿಗೆ ಹೇಳುತ್ತಿದ್ದೆ, ಅವಳು ಒಳಗೆ ಅಕ್ಕಿ ಕೇರುತ್ತ ಕೇಳುತ್ತಿದ್ದಳು, ಮೊರ ಚರ್ ಚರ್ ಅನ್ನುತ್ತಿದ್ದರೆ ನಾನು ಹೇಳಿದ್ದು ತಿಳಿಯಿತು, ಮೊರ ನಿಂತರೆ ತಿಳಿಯಲಿಲ್ಲ, ಆಗ ಅವಳತ್ತ ತಿರುಗಿದರೆ ಎತ್ತಿದ ಮೊರ ಎತ್ತಿದ ಹಾಗೇ, ಅದೇನ್ರೀ ಅದು, ಪುಸ್ತಕ ನುಂಗಿದೋರ ಹಂಗೆ, ಸುಂಕಲಮ್ಮ ದಿನಾಲೂ ಅಡಿಕೆ ಸುಲಿದು ಬಂದು ಕುಂತು ಕೇಳ್ಬೇಕು ಇದನ್ನ, ನೆಟ್ಟಗೆ ಹೇಳ್ರಿ, ಅನ್ನುತ್ತಿದ್ದಳು, ನಾನು ಮಾತು ತಿದ್ದುತ್ತಿದ್ದೆ, ಮೊರ ಮತ್ತೆ ನಡೆಯುತ್ತಿತ್ತು. ಇಷ್ಟು ವರ್ಷ ಪಾಠ ಮಾಡಿದ್ದು ನಾನೋ ಆ ಮೊರವೋ, ಶಿವನೇ, ನಿನಗೇ ಗೊತ್ತು. ಕೊಟ್ಟವನು ನೀನು, ಕರೆದುಕೊಂಡವನೂ ನೀನು, ಬೆಳಗ್ಗೆ ಲಿಂಗಪೂಜೆಯಲ್ಲಿ ಕೂತು ನಾನು ದೂರುವುದಿಲ್ಲ, ವಿಭೂತಿ ಹಚ್ಚಿಕೊಳ್ಳುವಾಗ ಮಾತ್ರ ಬೆರಳು ಹಣೆಯ ಮೇಲೆ ಸ್ವಲ್ಪ ಹೊತ್ತು ನಿಂತುಬಿಡುತ್ತದೆ.

ಹೋದ ಶನಿವಾರ ಏನೋ ಹೇಳಿ ಕಳಿಸಿದೆ, ಏನು ಹೇಳಿದೆನೋ, ಸೋಮವಾರ ಅರ್ಧ ಮಕ್ಕಳು ಬರಿಗೈಲಿ ಬಂದರು, ಸುಂಕಲಮ್ಮನ ಮಗಳು ಲಕ್ಷ್ಮೀದೇವಿ ತಲೆ ತಗ್ಗಿಸಿ, ನಮ್ಮವ್ವಗೆ ನಿಮ್ಮ ಮಾತು ತಿಳೀಲಿಲ್ಲಂತೆ ಸಾರ್ ಎಂದಳು, ಬರುವ ಬುಧವಾರ ಭಿನ್ನರಾಶಿಯ ಪರೀಕ್ಷೆ ಇದೆ, ಶಾಂತಲಾ ಟೀಚರ್ ಒಳ್ಳೆ ಹುಡುಗಿ, ಇನ್ಮೇಲೆ ನಾನೇ ಟೈಪ್ ಮಾಡಿ ಹಾಕ್ತೀನಿ ಸಾರ್, ನಿಮಗ್ಯಾಕೆ ತ್ರಾಸು, ಸಂಜೆ ಒಳಗೆ ಹೇಳ್ಬಿಡ್ರಿ ಅಂದಿದ್ದಾಳೆ, ಒಪ್ಪಿಬಿಡಲೇ, ಟೈಪ್ ಮಾಡಿದ್ದನ್ನು ಸುಂಕಲಮ್ಮ ಏನು ಮಾಡಿಯಾಳು, ಈ ಸಲ ನೆಟ್ಟಗೆ ಹೇಳಿದರೆ ಸರಿ, ಆಗದಿದ್ದರೆ ಬಿಟ್ಟೇ ಬಿಡುವುದು. ಮೊಬೈಲಿನ ಮೈಕು ಒತ್ತಿ ಹಿಡಿದೆ, ಪೋಷಕರೇ, ನಮಸ್ಕಾರ, ಈ ವಾರ ಭಿನ್ನರಾಶಿಗಳ ಸಂಕಲನ, ಮೊದಲು ಛೇದಗಳನ್ನು ಸಮ ಮಾಡಿಕೊಳ್ಳಬೇಕು — ಒಳಗೆ ಸದ್ದಿಲ್ಲ, ಅವಳು ನಿಲ್ಲಿಸಿದ್ದಾಳೆ, ಮೊರ ಎತ್ತಿ ಹಿಡಿದಿದ್ದಾಳೆ, ನಾನು ಅಡಿಗೆಮನೆಯತ್ತ ಕುತ್ತಿಗೆ ಹೊರಳಿಸಿ, ತಿಳೀತೇನೇ, ಅಂದೆ, ಬೆರಳು ಬಿಟ್ಟೆ, ಹೋಯಿತು. ಹೋಗಿಬಿಟ್ಟಿತು, ಅಷ್ಟೂ ಮನೆಗಳಿಗೆ, ಊರ ತಾಯಂದಿರಿಗೆಲ್ಲ ತಿಳೀತೇನೇ ಎಂದುಬಿಟ್ಟೆನಲ್ಲ, ಅಳಿಸಬೇಕು, ಎಲ್ಲಿ ಒತ್ತಬೇಕು, ಕನ್ನಡಕ ದೇವರ ಕೋಣೆಯಲ್ಲಿದೆ, ಅಷ್ಟರಲ್ಲೇ ಟಣ್ ಎಂದಿತು, ಸುಂಕಲಮ್ಮನ ದನಿ, ಇಲ್ಲ ಸಾರ್, ತಿಳೀಲಿಲ್ಲ, ಅದೇನೋ ಸಮ ಮಾಡ್ರಿ ಅಂದ್ರಲ್ಲ, ಏನನ್ನ ಸಮ ಮಾಡಾಕೆ, ಹಿಂದಿನಿಂದ ಗಂಡ ಮೂಕಪ್ಪ, ಏಯ್, ಸಾರ್ ಕೇಳಿದ್ದು ನಿನ್ನಲ್ಲ ಕಣೆ, ಅಮ್ಮಾರನ್ನ, ಪಾಪ, ಮರೆತು ಕೇಳ್ಯಾರೆ — ಗೊತ್ತೈತೆ ಸುಮ್ಕಿರು, ಎಂದಳು ಅವಳು, ಅಮ್ಮಾರು ಈಗ ಇಲ್ಲ ಅಂತ ಯಾರೂ ಬಾಯಿ ಬಿಟ್ಟು ತಿಳೀಲಿಲ್ಲ ಅನ್ನದಿದ್ರೆ ಸಾರಿಗೆ ಹೆಂಗೆ ಗೊತ್ತಾಗತೈತೆ, ಹೇಳ್ರಿ ಸಾರ್, ನಾ ಕುಂತೀನಿ.

ಕುಂತಿದ್ದಾಳಂತೆ. ಕಣ್ಣೊರೆಸಿಕೊಂಡೆ, ಮತ್ತೆ ಒತ್ತಿದೆ, ಸುಂಕಲಮ್ಮ, ಒಂದು ರೊಟ್ಟಿ ತಗೊಳ್ರಿ, ಅರ್ಧ ಮುರಿದು ಲಕ್ಷ್ಮೀದೇವಿಗೆ ಕೊಡ್ರಿ, ಉಳಿದ ಅರ್ಧನ ಮತ್ತೆ ಎರಡು ಮಾಡ್ರಿ, ಒಂದೊಂದೂ ಕಾಲು, ಒಂದು ಕಾಲು ಅವಳಿಗೇ ಕೊಡ್ರಿ, ಈಗ ಅವಳ ಕೈಯಾಗೆ ಎಷ್ಟಾತು ಅಂತ ಅವಳನ್ನೇ ಕೇಳ್ರಿ, ತಿಳೀತೇನ್ರೀ, ಬೆರಳು ಬಿಟ್ಟೆ, ಹೋಯಿತು, ಇನ್ನು ಅವಳು ಕೇಳುತ್ತಾಳೆ, ಕೇಳಿ ಹೇಳುತ್ತಾಳೆ, ಅಲ್ಲಿಯತನಕ ಉಸಿರು ಹಿಡಿದು — ಎತ್ತಿದ ಮೊರ, ಮೊರದ ಮೇಲೆ ಗಾಳಿಯಲ್ಲಿ ಅಕ್ಕಿ, ಇನ್ನೂ ಬೀಳದ ಅಕ್ಕಿ