ಪೆರ್ಸಾಗೊಂದು ತಾಮ್ರದ ಸುರುಳಿ

ಲೆಫ್ತೆರಿಸ್‌ಗೆ ಅರವತ್ತನಾಲ್ಕು ವರ್ಷ. ಈ ಅರವತ್ತನಾಲ್ಕು ವರ್ಷಗಳಲ್ಲಿ ಅವನ ಅಕ್ಕ ಎವ್ದೋಕಿಯಾ ಅವನಿಂದ ಏನನ್ನೂ ಕೇಳಿದವಳಲ್ಲ. ಗ್ರೀಸಿನಿಂದ ಈ ದೂರದೇಶಕ್ಕೆ ಬಂದು ಹಡಗಿಳಿದ ಮೂರನೇ ವರ್ಷಕ್ಕೇ ತಾಯಿ ತೀರಿಕೊಂಡಾಗ ಅವನಿಗೆ ಏಳು, ಅವಳಿಗೆ ಹದಿನಾಲ್ಕು. ಅಂದಿನಿಂದ ಅವನ ಮೂಗು ಒರೆಸಿದವಳು, ಬೂಟಿನ ಲೇಸು ಕಟ್ಟಿದವಳು, ಮದುವೆ ಮಾಡಿಸಿದವಳು, ಆ ಮದುವೆ ಮುರಿದು ಬಿದ್ದಾಗ ಎರಡು ತಿಂಗಳು ಕೂರಿಸಿ ಊಟ ಹಾಕಿದವಳು ಅವಳೇ. ಅಂಥವಳು ಬೇಸಿಗೆ ಸುಡುತ್ತಿದ್ದ ಫೆಬ್ರವರಿಯ ಒಂದು ಬೆಳಿಗ್ಗೆ ಅವನ ಶೆಡ್ಡಿನ ಬಾಗಿಲಲ್ಲಿ ನಿಂತು, "ಲೆಫ್ತೇರಿ, ನಂಗೊಂದು ಕೆಲ್ಸ ಮಾಡ್ಕೊಡ್ತೀಯೇನೋ?" ಎಂದಾಗ ಅವನ ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಬಿತ್ತು.

"ಏನಾಯ್ತಕ್ಕ?"

"ಪೆರ್ಸಾಗೆ ಸೆಕೆ ತಡ್ಯೋಕಾಗ್ತಿಲ್ಲ ಕಣೋ. ನೀರು ಇಪ್ಪತ್ತಾರು ಡಿಗ್ರಿ ಮುಟ್ಟಿದೆ. ಹೀಗೇ ಇದ್ರೆ ಅದು ಉಳ್ಯಲ್ಲ. ಅಂಗಡೀಲಿ ಅದಕ್ಕೆ ಮಿಷಿನ್ ಸಿಗತ್ತಂತೆ, ಯಾವ್ದು ತರ್ಲಿ ಅಂತ…"

"ನಾನಿರೋವಾಗ ಅಂಗಡೀದು ಯಾಕೆ?" ಎಂದ ಲೆಫ್ತೆರಿಸ್. ತಮ್ಮೂರು ರೆನ್‌ಮಾರ್ಕಿನ ಸುತ್ತಮುತ್ತಲ ಕಿತ್ತಳೆ ಗೋದಾಮುಗಳ ಶೀತಲ ಕೋಣೆಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದವನು ಇನ್ನೇನು ಹೇಳಿಯಾನು?

ಪೆರ್ಸಾ ಎಂದರೆ ಊರವರು 'ನಡೆಯುವ ಮೀನು' ಎನ್ನುವ ಪ್ರಾಣಿ. ಗೇಣುದ್ದ, ಗುಲಾಬಿ ಬಣ್ಣ, ನಾಲ್ಕು ಪುಟ್ಟ ಕಾಲು, ಕತ್ತಿನ ಎರಡೂ ಬದಿಗೆ ಕೆಂಪು ಕುಚ್ಚಿನಂಥ ಕಿವಿರು. ಎವ್ದೋಕಿಯಾ ಮೂವತ್ತು ವರ್ಷ ಶಾಲೆಯ ನೆಲ ಒರೆಸಿ ನಿವೃತ್ತಳಾದ ದಿನ ಟೀಚರುಗಳು ಹೂಗುಚ್ಛದ ಜೊತೆಗೆ ತರಗತಿಯಲ್ಲಿ ಪೆರ್ಸಾ ಇದ್ದ ಗಾಜಿನ ತೊಟ್ಟಿಯನ್ನೂ ಅವಳಿಗೇ ಕೊಟ್ಟು ಕೈತೊಳೆದುಕೊಂಡಿದ್ದರು. ಗಂಡನಿಲ್ಲದ, ಮಕ್ಕಳಿಲ್ಲದ ಆ ಮನೆಯಲ್ಲಿ ಅವಳು ದಿನವಿಡೀ ಅದರೊಡನೆ ಗ್ರೀಕಿನಲ್ಲಿ ಹರಟುತ್ತಿದ್ದಳು. ತಮ್ಮನೊಡನೆ ಅದರ ಕಾಲುಭಾಗವನ್ನೂ ಆಡುತ್ತಿರಲಿಲ್ಲ.

ಲೆಫ್ತೆರಿಸ್ ಆರು ಮೀಟರ್ ತಾಮ್ರದ ಕೊಳವೆ ತಂದ. ಕಿರುಬೆರಳಿನ ದಪ್ಪ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನೀರಿಗದ್ದಿ, ಮೆತ್ತಗೆ ಮಾಡಿದ. ಟೊಳ್ಳು ಕೊಳವೆಯನ್ನು ಹಾಗೇ ಬಗ್ಗಿಸಿದರೆ ಅದು ಮೊಣಕೈಯಂತೆ ಮಡಿಚಿಕೊಂಡು ನೀರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಅದಕ್ಕೇ ಒಳಗೆ ಒಣ ಪುಡಿಯುಪ್ಪು ಸುರಿದು, ತಟ್ಟಿ ತಟ್ಟಿ ಗಟ್ಟಿಮಾಡಿ, ಎರಡೂ ತುದಿಗೆ ಬೆಣೆ ಹೊಡೆದ. ಮರಳು ತುಂಬುವವರೂ ಇದ್ದಾರೆ, ಆದರೆ ಅವರನ್ನು ಕಂಡರೆ ಅವನಿಗೆ ತಾತ್ಸಾರ. ಮರಳು ಒಳಗೇ ಕಚ್ಚಿಕೊಂಡರೆ ಯಾರಪ್ಪ ತೆಗೆಯುವವರು? ಉಪ್ಪಾದರೆ ನೀರು ಬಿಟ್ಟರೆ ಕರಗಿ ಹೋಗುತ್ತದೆ. ಆಮೇಲೆ ದ್ರಾಕ್ಷಿ ಬಳ್ಳಿಗೆ ನೆಟ್ಟಿದ್ದ ಹಳೆಯ ಕಂಬಕ್ಕೆ ಕೊಳವೆಯನ್ನು ಸುತ್ತುತ್ತ ಹೋದ. ಎಲ್ಲಿಯೂ ಅವಸರ ಮಾಡಲಿಲ್ಲ. ಇಪ್ಪತ್ತೊಂದು ಸುತ್ತು, ಒಂದಕ್ಕೊಂದು ಅಂಟಿಕೊಂಡಂತೆ, ನಡುವೆ ಉಗುರು ತೂರಿಸಲೂ ಜಾಗವಿಲ್ಲ. ಜನ್ಮದಲ್ಲಿ ಅಂಥ ಸುರುಳಿಯನ್ನು ಅವನು ಮಾಡಿರಲಿಲ್ಲ.

ನೀರು ಹಾಯಿಸಿ ಉಪ್ಪು ಕರಗಿಸಿ ತೆಗೆದು, ಐಸ್ ತುಂಬಿದ ಡಬ್ಬಿಯಲ್ಲಿ ಸುರುಳಿಯನ್ನು ಕೂರಿಸಿದ. ಪುಟ್ಟ ಪಂಪು ತೊಟ್ಟಿಯ ನೀರನ್ನು ಎಳೆದು, ಸುರುಳಿಯೊಳಗೆ ಹಾಯಿಸಿ, ತಣ್ಣಗಾದದ್ದನ್ನು ಮತ್ತೆ ತೊಟ್ಟಿಗೇ ಬಿಡುತ್ತಿತ್ತು. ಸಂಜೆಗೆ ನೀರು ಹದಿನೇಳು ಡಿಗ್ರಿ.

"ಅಂಗಡೀಲೂ ಇಂಥದ್ದು ಸಿಗಲ್ಲ ಬಿಡು," ಎಂದಳು ಎವ್ದೋಕಿಯಾ. ಎರಡು ದಿನ ಲೆಫ್ತೆರಿಸ್‌ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಾಲ್ಕನೆಯ ದಿನ ಪೆರ್ಸಾ ಎರೆಹುಳು ಮುಟ್ಟಲಿಲ್ಲ. ಐದನೆಯ ದಿನ ಕಿವಿರಿನ ಕುಚ್ಚು ಮುಂದಕ್ಕೆ ಮುದುಡಿ, ಬಾಲದ ತುದಿ ಸುರುಟಿಕೊಂಡಿತು.

"ತೀರಾ ತಣ್ಣಗಾಯ್ತೇನೋ?" ಎಂದಳು ಅಕ್ಕ.

ಐಸ್ ಕಡಿಮೆ ಮಾಡಿದ. ಹತ್ತೊಂಬತ್ತು ಡಿಗ್ರಿ. ಪೆರ್ಸಾ ಸುಧಾರಿಸಲಿಲ್ಲ.

"ಉಪ್ಪು ಒಳಗೆ ಉಳ್ಕೊಂಡಿರಬೇಕು," ಎಂದ ತಮ್ಮ. ಸುರುಳಿಯನ್ನು ಪಂಪಿನಿಂದ ಬಿಚ್ಚಿ ಅರ್ಧ ಗಂಟೆ ನೀರು ಹಾಯಿಸಿದ. ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪಿನ ಸುಳಿವೇ ಇಲ್ಲ. ಆದರೂ ಮನಸ್ಸಿಗೆ ಸಮಾಧಾನವಾಗದೆ ವಿನೆಗರ್ ಸುರಿದು ಒಳಗೆಲ್ಲ ತೊಳೆದ. ತುದಿಯಲ್ಲಿ ಕೂತಿದ್ದ ಹಸಿರು ಕಿಲುಬೂ ಬಿಟ್ಟುಹೋಗಿ ತಾಮ್ರ ಹೊಸದಾಗಿ ಹೊಳೆಯಿತು. ಮತ್ತೆ ಜೋಡಿಸಿದ. ಮರುದಿನ ಪೆರ್ಸಾ ಒಂದು ಮಗ್ಗುಲಾಗಿ ತೇಲುತ್ತಿತ್ತು. ಸತ್ತಿರಲಿಲ್ಲ, ಅಷ್ಟೆ.

ಲೆಫ್ತೆರಿಸ್‌ನ ತಲೆಯಲ್ಲಿ ಹುಳ ಹೊಕ್ಕಂತಾಯಿತು. ನೀರು ತಂಪಾಗಿದೆ. ಪಂಪು ಸರಿಯಿದೆ. ಸೋರಿಕೆಯಿಲ್ಲ. ಸೆಕೆಯೇ ರೋಗವಾಗಿದ್ದರೆ ತಂಪೇ ಮದ್ದಾಗಬೇಕಿತ್ತಲ್ಲ? ನೀರು ಕಾದಿದ್ದಾಗಲೂ ಈ ಪ್ರಾಣಿ ಹುಳು ತಿನ್ನುತ್ತಿತ್ತು, ಈಗ ತಂಪಾದ ಮೇಲೆ ಸಾಯುತ್ತಿದೆ. ಇದೆಂಥ ಲೆಕ್ಕ? ತೊಟ್ಟಿಯ ಮುಂದೆ ಥರ್ಮಾಮೀಟರ್ ಹಿಡಿದು ಪೆದ್ದನಂತೆ ಕೂತ. ಪಕ್ಕದಲ್ಲಿ ಅಕ್ಕ ಏನೂ ಕೇಳದೆ ಕೂತಿದ್ದಳು. ಅವಳು ಕೇಳದಿರುವುದೇ ಅವನನ್ನು ತಿನ್ನುತ್ತಿತ್ತು.

ಐಸ್ ಮುಗಿಯಿತು. ಇನ್ನಷ್ಟು ತರಲು ತನ್ನ ತೋಟದ ಪಕ್ಕದ ತೋಟದವನಾದ ಹರ್ಜಿಂದರ್‌ನ ಹತ್ತಿರ ಹೋದ. ಹರ್ಜಿಂದರ್ ಬಸವನಹುಳು ಹತ್ತದಂತೆ ಕಿತ್ತಳೆ ಗಿಡಗಳ ಬುಡಕ್ಕೆ ಮೈಲುತುತ್ತ ಹೊಡೆದು, ಡ್ರಮ್ಮು ತೊಳೆಯುತ್ತಿದ್ದ. ಲೆಫ್ತೆರಿಸ್ ಸಹಾಯ ಮಾಡಲೆಂದು ತೊಳೆದ ನೀರಿನ ಬಕೆಟ್ ಎತ್ತಿ ಕಾಲುವೆಯತ್ತ ಬಗ್ಗಿಸಿದ.

"ಅಯ್ಯಯ್ಯೋ, ಅಲ್ಲಿ ಬೇಡ ಅಂಕಲ್! ಕೆರೆಗೆ ಹೋಗತ್ತೆ. ನನ್ನ ಸೀಗಡಿ ಎಲ್ಲಾ ಸತ್ತೋಗ್ತವೆ!"

"ಇದ್ರಲ್ಲೇನಿದ್ಯೋ, ಬರೀ ತೊಳೆದ ನೀರು."

"ಏನ್ ಅಂಕಲ್ ನೀವು, ನಂಗಿಂತ ಮುಂಚಿನಿಂದ ಹೊಡೀತಿದ್ದೀರಿ! ಮೈಲುತುತ್ತ ಅಂದ್ರೆ ತಾಮ್ರ ಅಲ್ವಾ? ನೀರಲ್ಲಿರೋ ಜೀವಕ್ಕೆ ಚಿಟಿಕೆಯಷ್ಟಾದ್ರೂ ಸಾಕು."

ಲೆಫ್ತೆರಿಸ್ ಬಕೆಟ್ ಹಿಡಿದೇ ನಿಂತ. ನೀಲಿ ನೀರನ್ನು ನೋಡಿದ. ನಲವತ್ತು ವರ್ಷ ತನ್ನ ತೋಟಕ್ಕೂ ಇದನ್ನೇ ಹೊಡೆದಿದ್ದ. ಮೈಲುತುತ್ತ ತೋಟದ ಸಾಮಾನು, ತಾಮ್ರ ಶೆಡ್ಡಿನ ಸಾಮಾನು. ಇವೆರಡೂ ಒಂದೇ ಎಂದು ತಲೆಯೊಳಗೆ ಎಂದೂ ಸೇರಿರಲಿಲ್ಲ. ವಿನೆಗರ್ ಹಾಕಿ ಬೇರೆ ತೊಳೆದಿದ್ದೆನಲ್ಲ! ಕಿಲುಬು ಕಳೆದು, ಹೊಸ ತಾಮ್ರವನ್ನು ಆ ನೀರಿಗೆ ತೆರೆದಿಟ್ಟವನು ತಾನೇ. ಐಸ್ ಮರೆತು ಕಾರಿನತ್ತ ಓಡಿದ.

ಅಕ್ಕನ ಮನೆಗೆ ಬಂದವನೇ ಪಂಪು ಕಿತ್ತೆಸೆದ. ಬೇರೆ ಟಬ್ಬಿನಲ್ಲಿ ಶುದ್ಧ ನೀರು ತುಂಬಿ, ಪೆರ್ಸಾವನ್ನು ಎರಡೂ ಕೈಯಲ್ಲಿ ಎತ್ತಿ ಅದರೊಳಗೆ ಬಿಟ್ಟ.

"ಏನೋ ಅದು? ಏನಾಯ್ತೋ?"

"ವಿಷ ಹಾಕ್ದೋನು ನಾನೇ ಅಕ್ಕ. ತಾಮ್ರ ನೀರಲ್ಲಿ ಕರಗ್ತಾ ಇತ್ತು. ಸುರುಳಿಯಿಂದಲೇ ಎಲ್ಲಾ ಆಗಿದ್ದು."

ಎವ್ದೋಕಿಯಾ ಕುರ್ಚಿ ಎಳೆದುಕೊಂಡು ಕೂತಳು. "ಅಮ್ಮ ಕಲಾಯಿ ಹಾಕಿಸ್ದೆ ತಾಮ್ರದ ಪಾತ್ರೇಲಿ ಅಡಿಗೇನೇ ಮಾಡ್ತಿರ್ಲಿಲ್ಲ," ಎಂದಳು. "ನಂಗೂ ಹೊಳೀಲಿಲ್ಲ ನೋಡು."

ಮಧ್ಯಾಹ್ನ ನಾಲ್ಕರ ಸುಮಾರಿಗೆ ಪೆರ್ಸಾ ಸತ್ತಿತು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಟಬ್ಬಿನ ಅಂಚನ್ನು ಏಪ್ರನ್ನಿನ ತುದಿಯಿಂದ ಒರೆಸುತ್ತ, "ನಾನು ಕೇಳಬಾರ್ದಿತ್ತು," ಎಂದಳು. ಅದು ತನಗೆ ತಾನೇ ಹೇಳಿಕೊಂಡಂತಿತ್ತು.

ಲೆಫ್ತೆರಿಸ್ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತ.

"ಹಂಗನ್ಬೇಡ ಅಕ್ಕ. ಬಯ್ಯಿ. ಕೆನ್ನೆಗೆ ಎರಡು ಬಾರ್ಸು. ಕೇಳಬಾರ್ದಿತ್ತು ಅಂತ ಮಾತ್ರ ಅನ್ಬೇಡ." ಅವನ ದನಿ ಏಳು ವರ್ಷದ ಹುಡುಗನದಾಗಿತ್ತು. "ಇನ್ನೊಂದ್ಸಲ ಏನಾದ್ರೂ ಕೇಳು. ಏನಾದ್ರೂ."

ಅವಳು ಅವನನ್ನೇ ನೋಡಿದಳು. ಆ ನೋಟದಲ್ಲಿದ್ದದ್ದು ಸಿಟ್ಟೋ ಕನಿಕರವೋ ಅವನಿಗೆ ತಿಳಿಯಲಿಲ್ಲ.

"ಏಪ್ರಿಕಾಟ್ ಮರದ ಕೆಳಗೆ ಒಂದು ಗುಂಡಿ ತೋಡ್ಕೊಡ್ತೀಯಾ?"

ನೆಲ ಒಣಗಿ ಕಬ್ಬಿಣವಾಗಿತ್ತು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಎಷ್ಟು ಆಳ ಸಾಕೆಂದು ಕೇಳಲು ಬಾಯಿ ಬರದೆ ಅವನು ಅಗೆಯುತ್ತಲೇ ಹೋದ. ಮೊಣಕಾಲಿನವರೆಗಾಯಿತು, ಸೊಂಟದವರೆಗಾಯಿತು. ಅಷ್ಟರಲ್ಲಿ ಎವ್ದೋಕಿಯಾ ಬಿಳಿ ಕರವಸ್ತ್ರದಲ್ಲಿ ಪೆರ್ಸಾವನ್ನು ಸುತ್ತಿಕೊಂಡು ಬಂದಳು.

"ಸಾಕೋ ಮಾರಾಯ, ಕುದುರೆ ಹೂಳ್ತೀಯೇನು?"

ಅವನು ಗುಂಡಿಯೊಳಗಿಂದಲೇ ತಲೆಯೆತ್ತಿ ನೋಡಿದ. ಮುಖದ ತುಂಬ ಧೂಳು, ಬೆವರು, ಕಣ್ಣೀರು.

"ಸರಿಯಾಗಿದ್ಯಾ ಅಕ್ಕ?"

ಅವಳು ಮಣ್ಣಿನ ಗುಡ್ಡೆಯ ಮೇಲೆ ಕಷ್ಟಪಟ್ಟು ಮಂಡಿಯೂರಿ, ಬಗ್ಗಿ, ಕರವಸ್ತ್ರದ ಗಂಟನ್ನು ಅವನ ಕೈಗೆ ಕೊಟ್ಟಳು.

"ನೀನೇ ಇಡು," ಎಂದಳು. "ಮೆತ್ತಗೆ."